ಕಡಲು ಸರಿದುಹೋದ ಹೋಟೆಲು: ಸಿಂಗಾಪುರದ ರಾಫಲ್ಸ್ ಜೀರ್ಣೋದ್ಧಾರ, ಒಂದು ಪ್ರಕರಣ ಅಧ್ಯಯನ

ಸಿಂಗಾಪುರದ ಬೀಚ್ ರೋಡಿನಲ್ಲಿ ಈಗ ರೋಡು ಮಾತ್ರ ಇದೆ, ಬೀಚ್ ಇಲ್ಲ. ಆ ರಸ್ತೆಯ 1ನೇ ನಂಬರಿನ ಬಿಳಿ ಕಟ್ಟಡದ ಬಾಗಿಲಲ್ಲಿ ನಿಂತರೆ ಎದುರಿಗೆ ವಾಹನಗಳ ಸಾಲು, ಅದರಾಚೆ ಎತ್ತರದ ಕಟ್ಟಡಗಳು. ಅರ್ಮೇನಿಯಾ ಮೂಲದ ಸಾರ್ಕೀಸ್ ಸಹೋದರರು 1887ರ ಡಿಸೆಂಬರ್ 1ರಂದು ಇಲ್ಲಿಯ ಹಳೆಯ ಬಂಗಲೆಯೊಂದರಲ್ಲಿ 10 ಕೋಣೆಗಳ ಹೋಟೆಲು ತೆರೆದಾಗ ರಸ್ತೆ ದಾಟಿದರೆ ಮರಳು, ಮರಳು ದಾಟಿದರೆ ನೀರು. ಆಮೇಲೆ ನಗರ ಕಡಲನ್ನು ತುಂಬುತ್ತಾ ಹೋಯಿತು. ಹೋಟೆಲು ನಿಂತಲ್ಲೇ ನಿಂತಿತು, ತೀರ ದೂರವಾಯಿತು.

ಕಡಲತೀರದ ಹಳೆಯ ಹೋಟೆಲನ್ನು ಮತ್ತೆ ಮೇಲ್ದರ್ಜೆಗೆ ತರುವ ಕೆಲಸಕ್ಕೆ ರಾಫಲ್ಸ್‌ನಷ್ಟು ಪಾಠವಿರುವ ಪ್ರಕರಣ ಕಡಿಮೆ. ಅಲ್ಲಿ ಈ ಕೆಲಸ ಎರಡು ಸಲ ನಡೆದಿದೆ, 1989ರಿಂದ 1991ರವರೆಗೆ ಒಮ್ಮೆ, 2017ರಿಂದ 2019ರವರೆಗೆ ಇನ್ನೊಮ್ಮೆ. ಮೊದಲ ಸಲ ಕೈಗೊಂಡ ತೀರ್ಮಾನಗಳು ಎರಡನೇ ಸಲ ಯಾವ ರೂಪದಲ್ಲಿ ಎದುರಿಗೆ ಬಂದವು ಎಂದು ನೋಡುವ ಅವಕಾಶ ಇಲ್ಲಿದೆ. ಗೋಡೆ, ಮರ, ಗಾಳಿಯ ವಿಷಯದಲ್ಲಿ ಇಲ್ಲಿ ಕೊಟ್ಟಿರುವ ಅಳತೆ ಮತ್ತು ಕ್ರಮಗಳು ಇದೇ ಹವೆಯಲ್ಲಿರುವ ಇದೇ ಜಾತಿಯ ಯಾವ ಕಟ್ಟಡಕ್ಕೂ ಸಲ್ಲುತ್ತವೆ. ಕಾರವಾರದಿಂದ ಉಳ್ಳಾಲದವರೆಗೆ ಮುರಕಲ್ಲಿನ ಹಳೆ ಮನೆ ಇಟ್ಟುಕೊಂಡವರಿಗೂ ಬಹುಪಾಲು ಸಲ್ಲುತ್ತವೆ.

ಹೇಗೆ ಬೆಳೆಯಿತು, ಹೇಗೆ ಮಂಕಾಯಿತು

ಈಗ ಎಲ್ಲರೂ ಫೋಟೋ ತೆಗೆಯುವ ಮೂರು ಅಂತಸ್ತಿನ ಮುಖ್ಯ ಕಟ್ಟಡ ತೆರೆದದ್ದು 1899ರಲ್ಲಿ. ಸ್ವಾನ್ ಅಂಡ್ ಮೆಕ್ಲಾರೆನ್ ಸಂಸ್ಥೆಯ ಬಿಡ್‌ವೆಲ್ ಅದರ ವಾಸ್ತುಶಿಲ್ಪಿ. ವಿದ್ಯುತ್ ದೀಪ, ವಿದ್ಯುತ್ತಿನಿಂದ ತಿರುಗುವ ಫ್ಯಾನು ಆಗಿನ ಊರಿಗೆ ಅಚ್ಚರಿ. ಅದಕ್ಕೆ ಮೊದಲೇ 1894ರಲ್ಲಿ ಪಾಮ್ ಕೋರ್ಟ್ ಪಾರ್ಶ್ವ ಎದ್ದಿತ್ತು. 1904ರಲ್ಲಿ ಬ್ರಾಸ್ ಬಾಸಾ ರಸ್ತೆಯ ಕಡೆಯ ಪಾರ್ಶ್ವ ಸೇರಿತು. ಅಂದರೆ ಇದು ಒಂದು ಕಟ್ಟಡವಲ್ಲ, ಬೇರೆ ಬೇರೆ ವಯಸ್ಸಿನ ಕಟ್ಟಡಗಳ ಕೂಡುಕುಟುಂಬ. ಸಮೀಕ್ಷೆ ಮಾಡುವವರು ಇದನ್ನು ಮರೆತರೆ ಒಂದು ಪಾರ್ಶ್ವದ ಗೋಡೆಯನ್ನು ಪರೀಕ್ಷಿಸಿ ಇನ್ನೊಂದಕ್ಕೂ ಅದೇ ಔಷಧ ಬರೆಯುತ್ತಾರೆ.

1910ರ ದಶಕದಲ್ಲಿ ಮುಂಭಾಗಕ್ಕೆ ಎರಕದ ಕಬ್ಬಿಣದ ಜಗಲಿ ಬಂತು. 1920ರ ಹೊತ್ತಿಗೆ ಅದನ್ನು ಕಿತ್ತು, ಬೀಚ್ ರೋಡಿನತ್ತ ಚಾಚಿದ ಬಾಲ್‌ರೂಮ್ ಕಟ್ಟಿದರು. ಈ ಅದಲುಬದಲು ನೆನಪಿರಲಿ. ಮುಂದಿನ ಜಗಳವೆಲ್ಲ ಇದರದ್ದೇ. 1931ರಲ್ಲಿ ಸಾರ್ಕೀಸರು ದಿವಾಳಿಯಾದರು, 1933ರಲ್ಲಿ ಹೋಟೆಲು ಕಂಪನಿಯ ಕೈಗೆ ಹೋಯಿತು, ಯುದ್ಧಕಾಲದಲ್ಲಿ ಜಪಾನೀಯರು ಸ್ಯೋನಾನ್ ರ್ಯೋಕಾನ್ ಎಂದು ಹೆಸರು ಬದಲಿಸಿ ನಡೆಸಿದರು. ಯುದ್ಧ ಮುಗಿದ ಮೇಲೆ ಹೆಸರು ವಾಪಸ್ ಬಂತು; ಹೊಳಪು ಬರಲಿಲ್ಲ. 1986ರಲ್ಲಿ ರಸ್ತೆಯಾಚೆ 73 ಅಂತಸ್ತಿನ ಹೋಟೆಲು ಎದ್ದಾಗ ಈ ಮೂರು ಅಂತಸ್ತಿನ ಮುದಿ ಕಟ್ಟಡದ ಕೆಳಗಿನ ನೆಲಕ್ಕೆ ಎಂಥ ಬೆಲೆ ಬಂದಿರಬಹುದು ಎಂದು ಯಾರೂ ಲೆಕ್ಕ ಹಾಕಬಹುದಿತ್ತು. 1987ರ ಮಾರ್ಚ್‌ನಲ್ಲಿ, ನೂರು ತುಂಬುವ ವರ್ಷದಲ್ಲಿ, ಸರ್ಕಾರ ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿತು. ಅಲ್ಲಿಗೆ ಕೆಡವುವ ಮಾತು ಮುಗಿಯಿತು. ಹೇಗೆ ಉಳಿಸುವುದು ಎಂಬುದು ಮಾತ್ರ ಉಳಿಯಿತು.

ಯಾವ ವರ್ಷಕ್ಕೆ ಹಿಂತಿರುಗುವುದು

1989ರ ಮಾರ್ಚ್ 15ರಂದು ಹೋಟೆಲು ಮುಚ್ಚಿತು. 1991ರ ಸೆಪ್ಟೆಂಬರ್ 16ರಂದು ತೆರೆಯಿತು. ಖರ್ಚು 16 ಕೋಟಿ ಸಿಂಗಾಪುರ ಡಾಲರ್. ಈ ಎರಡೂವರೆ ವರ್ಷದ ಎಲ್ಲ ಕೆಲಸಕ್ಕೂ ತಳಹದಿಯಾದದ್ದು ಒಂದೇ ತೀರ್ಮಾನ: ಕಟ್ಟಡವನ್ನು 1915ರ ಸ್ಥಿತಿಗೆ ಒಯ್ಯುವುದು.

ಕೇಳಲು ಇದು ಅಲಂಕಾರದ ಪ್ರಶ್ನೆಯಂತಿದೆ. ಹಾಗಲ್ಲ. ವರ್ಷ ಆರಿಸಿದ ಕೂಡಲೇ ಯಾವುದು ಉಳಿಯಬೇಕು, ಯಾವುದು ಹೋಗಬೇಕು, ಯಾವುದನ್ನು ಹೊಸದಾಗಿ ಮಾಡಬೇಕು ಎಂಬ ಮೂರು ಪಟ್ಟಿಗಳು ತಾವಾಗಿಯೇ ಬರೆದುಕೊಳ್ಳುತ್ತವೆ. 1915 ಎಂದರೆ ಬಾಲ್‌ರೂಮ್ ಹೋಗಬೇಕು, ಏಕೆಂದರೆ ಅದು ಆಮೇಲೆ ಬಂದದ್ದು. ಎರಕದ ಕಬ್ಬಿಣದ ಮುಂಭಾಗ ಮರಳಿ ಬರಬೇಕು, ಏಕೆಂದರೆ ಅದು ಆಗ ಇತ್ತು. ಅದನ್ನೇ ಮಾಡಿದರು: ಬಾಲ್‌ರೂಮ್ ಕೆಡವಿ, ಹಳೆಯ ನಕ್ಷೆಗಳ ಆಧಾರದ ಮೇಲೆ ಕಬ್ಬಿಣದ ಪೋರ್ಟಿಕೋ ಮರುಸೃಷ್ಟಿಸಿದರು.

ಇದಕ್ಕೆ ಆಕ್ಷೇಪ ಬರುವುದು ಸಹಜ, ಬರಬೇಕಾದದ್ದೂ ಹೌದು. ಸ್ಮಾರಕ ಸಂರಕ್ಷಣೆಯ ಅಂತರರಾಷ್ಟ್ರೀಯ ಸೂತ್ರಗಳಾದ 1964ರ ವೆನಿಸ್ ಸನ್ನದು ಸ್ಮಾರಕಕ್ಕೆ ಎಲ್ಲ ಕಾಲದವರೂ ಸೇರಿಸಿದ್ದನ್ನು ಗೌರವಿಸಬೇಕು, ಒಂದೇ ಶೈಲಿ ಕಾಣಿಸಬೇಕೆಂಬುದು ಗುರಿಯಲ್ಲ ಎನ್ನುತ್ತದೆ. ಊಹೆ ಶುರುವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕು ಎಂದೂ ಹೇಳುತ್ತದೆ. ಎರಡನೆಯ ಮಾತನ್ನು ಇಲ್ಲಿ ತಕ್ಕಮಟ್ಟಿಗೆ ಪಾಲಿಸಲಾಯಿತು, ನಕ್ಷೆ ಕೈಯಲ್ಲಿತ್ತು. ಮೊದಲನೆಯದನ್ನು ಪಾಲಿಸಲಿಲ್ಲ. ಸುಮಾರು 70 ವರ್ಷ ಊರಿನವರು ಕುಣಿದ ಸಭಾಂಗಣ ಅದು. ವಯಸ್ಸಿನಲ್ಲಿ ಅದೂ ಸ್ಮಾರಕವೇ. ನಮ್ಮ ಅಭಿಪ್ರಾಯದಲ್ಲಿ ಅದನ್ನು ಕೆಡವಿದ್ದಕ್ಕೆ ಸಮರ್ಥನೆ ಇದೆ, ಆದರೆ ಸಮರ್ಥನೆ ಸಂರಕ್ಷಣೆಯದ್ದಲ್ಲ, ಚಹರೆಯದ್ದು. ಬಾಲ್‌ರೂಮ್ ಮುಂಭಾಗವನ್ನು ಮರೆಮಾಡಿತ್ತು. ಕಡಲು ಹೋದ ಕಡಲತೀರದ ಹೋಟೆಲಿಗೆ ಮುಖವೂ ಹೋದರೆ ಮಾರಲು ಏನು ಉಳಿಯುತ್ತದೆ?

ಎರಕದ ಕಬ್ಬಿಣವನ್ನು ಮತ್ತೆ ಮಾಡಿಸುವವರು ಎಡವುವ ಜಾಗ ಒಂದಿದೆ. ಕರಗಿದ ಕಬ್ಬಿಣ ತಣ್ಣಗಾಗುವಾಗ ಸುಮಾರು 1 ಪ್ರತಿಶತ ಕುಗ್ಗುತ್ತದೆ. ಹಳೆಯ ತುಂಡನ್ನೇ ಮಾದರಿ ಮಾಡಿ ಮರಳಿನಲ್ಲಿ ಅಚ್ಚೊತ್ತಿ ಎರಕ ಹೊಯ್ದರೆ, 3 ಮೀಟರ್ ಕಂಬ 30 ಮಿಲಿಮೀಟರ್ ಗಿಡ್ಡವಾಗಿ ಹೊರಬರುತ್ತದೆ. ಕಂಬದ ಬುಡಕ್ಕೆ ಗ್ರೌಟ್ (ತೆಳು ಗಾರೆ) ತುಂಬಿ ಎತ್ತರ ಸರಿಮಾಡಬಹುದು. ಕಂಬಗಳ ನಡುವಿನ ಕಮಾನು, ಜಾಲಂದರಗಳ ಬೋಲ್ಟ್ ತೂತುಗಳು ಮಾತ್ರ ಒಂದಕ್ಕೊಂದು ಕೂಡುವುದಿಲ್ಲ. ಹಾಗಾಗಿ ಮರದ ಮಾದರಿಯನ್ನು ನಕ್ಷೆಯ ಅಳತೆಗೆ ಕುಗ್ಗುವ ಪಾಲು ಸೇರಿಸಿಯೇ ಕೆತ್ತಿಸಬೇಕು. ಅಳತೆಗೆ ಎರಕದ ಕಾರ್ಖಾನೆಯವರು ಬಳಸುವ ಉದ್ದ ಮಾಡಿದ ಸ್ಕೇಲು ಬೇಕು, ಸಾದಾ ಟೇಪಲ್ಲ. ಒಂದು ಕಂಬ, ಒಂದು ಕಮಾನು, ಒಂದು ತೊಲೆ ಮೊದಲು ಹೊಯ್ದು ನೆಲದ ಮೇಲೆ ಜೋಡಿಸಿ ನೋಡಿ, ಆಮೇಲೆ ಉಳಿದದ್ದಕ್ಕೆ ಆರ್ಡರ್. ಅಗ್ಗವೆಂದು ಅಲ್ಯೂಮಿನಿಯಮ್‌ನಲ್ಲಿ ಎರಕ ಹೊಯ್ಸುವ ಆಸೆ ಎಲ್ಲರಿಗೂ ಬರುತ್ತದೆ. ಅದು ಬಿಸಿಲಿಗೆ ಕಬ್ಬಿಣದ ಎರಡು ಪಟ್ಟು ಹಿಗ್ಗುತ್ತದೆ. ಉಕ್ಕಿನ ಬೋಲ್ಟಿನ ಜೊತೆ ಉಪ್ಪುಗಾಳಿಯಲ್ಲಿಟ್ಟರೆ ಅಲ್ಯೂಮಿನಿಯಮ್ಮೇ ಮೊದಲು ಕರಗಿ ಹುಡಿಯಾಗುತ್ತದೆ. ಎರಕದ ಕಬ್ಬಿಣಕ್ಕೂ ಸ್ಟೇನ್‌ಲೆಸ್ ಬೋಲ್ಟ್ ಹಾಕುವಾಗ ನಡುವೆ ನೈಲಾನ್ ವಾಷರ್, ಬೋಲ್ಟಿನ ಸುತ್ತ ನೈಲಾನ್ ಕೊಳವೆ ಎರಡೂ ಬೇಕು.

ಕೋಣೆ ಲೆಕ್ಕ

ಹಳೆಯ ಹೋಟೆಲಿನವರು ಮಾಡುವ ಸಾಮಾನ್ಯ ತಪ್ಪು ಕೋಣೆಗಳ ಸಂಖ್ಯೆ ಹೆಚ್ಚಿಸಲು ಹೊರಡುವುದು. ರಾಫಲ್ಸ್ ತಿರುಗಾಮುರುಗಾ ಹೋಯಿತು: ಇದ್ದ ಕೋಣೆಗಳನ್ನೆಲ್ಲ ಸೂಟ್ ಮಾಡಿ 104ಕ್ಕೆ ನಿಲ್ಲಿಸಿತು. ಮುಂದೆ ಪಾರ್ಲರ್, ನಡುವೆ ಮಲಗುವ ಕೋಣೆ, ಹಿಂದೆ ಬಟ್ಟೆ ಬದಲಿಸುವ ಜಾಗ ಮತ್ತು ಬಚ್ಚಲು. ಬಾಗಿಲ ಹೊರಗೆ ಜಗಲಿ, ಜಗಲಿಯಲ್ಲಿ ಬೆತ್ತದ ಕುರ್ಚಿ. ಉಷ್ಣವಲಯದ ಹಳೆಯ ಹೋಟೆಲುಗಳು ಮೊದಲಿಂದ ಇದ್ದದ್ದೇ ಹೀಗೆ. ಆ ಗಾತ್ರ ಈಗಿನ ಕಾಲದಲ್ಲಿ ದುಬಾರಿ ಬಾಡಿಗೆಗೆ ತಕ್ಕದ್ದಾಗಿ ಒದಗಿಬಂತು.

ಈ ಮೂರು ಭಾಗದ ವಿನ್ಯಾಸದಿಂದ ಇನ್ನೊಂದು ಲಾಭವಿದೆ, ಅದು ಅತಿಥಿಯ ಕಣ್ಣಿಗೆ ಬೀಳುವುದಿಲ್ಲ. ಚಾವಣಿ 14 ಅಡಿ ಎತ್ತರ. ಏಸಿ ಕೊಳವೆ, ಸ್ಪ್ರಿಂಕ್ಲರ್, ವಯರು, ಪೈಪು ಎಲ್ಲವನ್ನೂ ಹಿಂಭಾಗದ ಬಚ್ಚಲು ಮತ್ತು ಬಟ್ಟೆಕೋಣೆಯ ಮೇಲೆ ಸುಳ್ಳು ಚಾವಣಿ ಇಳಿಸಿ ಅಡಗಿಸಿದರೆ, ಪಾರ್ಲರು ಮಲಗುವ ಕೋಣೆಗಳ 14 ಅಡಿ ಹಾಗೆಯೇ ಉಳಿಯುತ್ತದೆ. ಗಾಳಿ ಗೋಡೆಯ ಮೇಲ್ಭಾಗದ ಸಪೂರ ಜಾಲರಿಯಿಂದ ಮುಂದಕ್ಕೆ ಹಾಯುತ್ತದೆ. ಇಡೀ ಕೋಣೆಗೆ ಸುಳ್ಳು ಚಾವಣಿ ಹೊಡೆದ ಹಳೆ ಹೋಟೆಲುಗಳನ್ನು ನೋಡಿ. ಕಾಸು ಕೊಟ್ಟವನಿಗೆ ಸಿಗುವುದು ಹೊಸ ಹೋಟೆಲಿನ ತಗ್ಗು ಕೋಣೆ, ಹಳೆ ಹೋಟೆಲಿನ ಸದ್ದು.

ಕೊಳಾಯಿ ಪೈಪಿಗೆಂದು ಇಟ್ಟಿಗೆ ಗೋಡೆ ಕೊರೆಯುವಾಗ ಮಿತಿ ಇದೆ: ನಿಲುವಾಗಿ ಕೊರೆದರೆ ಗೋಡೆಯ ದಪ್ಪದ ಮೂರನೇ ಒಂದು ಪಾಲು, ಅಡ್ಡವಾಗಿ ಕೊರೆದರೆ ಆರನೇ ಒಂದು ಪಾಲು. ಮರದ ಅಟ್ಟದ ಮೇಲೆ ಬಚ್ಚಲು ಬಂದರೆ ನೆಲವನ್ನು ತಟ್ಟೆಯಂತೆ ಮಾಡಿ, ನೀರುತಡೆ ಪದರವನ್ನು ಗೋಡೆಯ ಮೇಲೆ 150 ಮಿಲಿಮೀಟರ್ ಏರಿಸಿ, ಶವರ್ ಇರುವ ಗೋಡೆಯಲ್ಲಿ ಪೂರ್ತಿ ಎತ್ತರಕ್ಕೆ ಒಯ್ದು, ಟೈಲ್ಸ್ ಹಾಕುವ ಮೊದಲು 25 ಮಿಲಿಮೀಟರ್ ನೀರು ನಿಲ್ಲಿಸಿ 48 ಗಂಟೆ ಕಾಯಬೇಕು. 24 ಗಂಟೆ ಸಾಕೆನ್ನುವವರಿದ್ದಾರೆ. ಮೂಲೆಯ ಸೂಜಿತೂತು ಮೊದಲ ದಿನ ಮರವನ್ನು ನೆನೆಸುತ್ತದೆ, ಎರಡನೆಯ ದಿನವಷ್ಟೇ ಕೆಳಗೆ ತೊಟ್ಟಿಕ್ಕುತ್ತದೆ.

ಕೋಣೆ ಕಡಿಮೆಯಾದರೆ ಆದಾಯ ಎಲ್ಲಿಂದ? ಅಂಗಡಿಗಳ ಹೊಸ ಆರ್ಕೇಡ್, ಭೋಜನಶಾಲೆಗಳು, ಜುಬಿಲಿ ಹಾಲ್ ಎಂಬ ನಾಟಕಮಂದಿರ. ಸಿಂಗಾಪುರ್ ಸ್ಲಿಂಗ್ ಎಂಬ ಪಾನೀಯದಿಂದ ಹೆಸರಾದ ಲಾಂಗ್ ಬಾರ್ ಕೂಡ ಹಳೆಯ ಜಾಗ ಬಿಟ್ಟು ಆರ್ಕೇಡಿಗೆ ಹೋಯಿತು. ಲೆಕ್ಕಾಚಾರ ಜಾಣತನದ್ದು: ಊರು ನೋಡಲು ಬಂದವರ ನೂಕುನುಗ್ಗಲು ಹೊಸ ಕಟ್ಟಡಕ್ಕೆ, ನಿಶ್ಶಬ್ದ ಉಳಿದುಕೊಳ್ಳುವವರಿಗೆ. ಕಸ ಹಾಕಿದರೆ ದಂಡ ಬೀಳುವ ಊರಿನಲ್ಲಿ ಶೇಂಗಾ ಸಿಪ್ಪೆಯನ್ನು ನೆಲಕ್ಕೇ ಎಸೆಯಬಹುದಾದ ಜಾಗ ಆ ಬಾರ್. ಅದನ್ನು ಸೂಟ್‌ಗಳಿಂದ ದೂರ ಇಟ್ಟದ್ದೇ ಒಳ್ಳೆಯದಾಯಿತು. ಆರ್ಕೇಡನ್ನು ಹಳೆಯದರ ಪಡಿಯಚ್ಚಿನಂತೆ ಕಟ್ಟಿದ್ದು ಮಾತ್ರ ನಮಗೆ ಒಪ್ಪಿಗೆಯಾಗುವುದಿಲ್ಲ. ಬಂದವರಲ್ಲಿ ಹೆಚ್ಚಿನವರಿಗೆ 1899 ಎಲ್ಲಿ ಮುಗಿದು 1991 ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುವುದೇ ಇಲ್ಲ.

ಗೋಡೆಯೊಳಗಿನ ಉಪ್ಪು

ಕಡಲು ದೂರ ಸರಿದರೂ ಗೋಡೆಯಿಂದ ಸರಿಯುವುದಿಲ್ಲ. ಆ ಕಾಲದ ಇಟ್ಟಿಗೆ ಗೋಡೆಗೆ ಬುಡದಲ್ಲಿ ತೇವತಡೆ ಪದರವಿರುವುದಿಲ್ಲ. ಮರಳು, ಮೆತ್ತನೆಯ ಕಡಲಜೇಡಿ ಇರುವ ತಗ್ಗು ನೆಲದಲ್ಲಿ ಅಂತರ್ಜಲ ಮೇಲೇ ಇರುತ್ತದೆ. ಗೋಡೆ ಅದನ್ನು ಬತ್ತಿಯಂತೆ ಹೀರಿ ಒಂದು, ಒಂದೂವರೆ ಮೀಟರ್ ಎತ್ತರಕ್ಕೆ ಏರಿಸುತ್ತದೆ. ನೀರು ಆರಿಹೋಗುತ್ತದೆ, ಉಪ್ಪು ಉಳಿಯುತ್ತದೆ.

ಅಡುಗೆ ಉಪ್ಪಿನ ಗುಣವೊಂದು ಇಲ್ಲಿ ತಿಳಿದಿರಬೇಕು. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು 75 ಪ್ರತಿಶತಕ್ಕಿಂತ ಮೇಲಿದ್ದರೆ ಅದು ನೀರು ಹೀರಿ ಕರಗುತ್ತದೆ, ಕೆಳಗಿಳಿದರೆ ಹರಳುಗಟ್ಟುತ್ತದೆ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ಒದ್ದೆಯಾಗುವುದು ಇದಕ್ಕೇ. ಸಿಂಗಾಪುರದಲ್ಲಿ ಬೆಳಗಿನ ಜಾವ ಆರ್ದ್ರತೆ 90 ದಾಟುತ್ತದೆ. ಮಳೆಯಿಲ್ಲದ ಮಧ್ಯಾಹ್ನ 60ರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಗೋಡೆಯ ರಂಧ್ರದೊಳಗಿನ ಉಪ್ಪು ದಿನಕ್ಕೊಮ್ಮೆ ಕರಗಿ ದಿನಕ್ಕೊಮ್ಮೆ ಹರಳಾಗುತ್ತದೆ. ಪ್ರತಿ ಹರಳೂ ಬೆಳೆಯುವಾಗ ರಂಧ್ರದ ಗೋಡೆಯನ್ನು ಒತ್ತುತ್ತದೆ. ಏಸಿಯನ್ನು ಅತಿಥಿ ಬಂದಾಗ ಹಾಕಿ ಹೋದಾಗ ಆರಿಸುವ ಹೋಟೆಲಿನಲ್ಲಿ ಒಳಮೈಗೂ ಇದೇ ಗತಿ. ಇಟ್ಟಿಗೆ ಹಿಟ್ಟಾಗಿ ಉದುರುವುದು ನೀರಿನಿಂದಲ್ಲ, ಈ ಏರಿಳಿತದಿಂದ.

ಹಳೆಯ ಸುಣ್ಣದ ಗಾರೆ ಈ ಪೆಟ್ಟನ್ನು ತಾನು ತಿಂದು ಇಟ್ಟಿಗೆಯನ್ನು ಉಳಿಸುತ್ತಿತ್ತು. ಕೆಲವು ವರ್ಷಕ್ಕೊಮ್ಮೆ ಗಾರೆ ಬದಲಿಸಿದರೆ ಆಯಿತು. 20ನೇ ಶತಮಾನದ ದುರಸ್ತಿಗಾರರು ಅದನ್ನು ಕಿತ್ತು ಸಿಮೆಂಟ್ ಗಿಲಾವು ಮಾಡಿ ಮೇಲೆ ಪ್ಲಾಸ್ಟಿಕ್ ಪೇಂಟ್ ಬಳಿದರು. ಸಿಮೆಂಟು ಗಟ್ಟಿ, ಬೇಗ ಒಣಗುತ್ತದೆ, ಮೇಸ್ತ್ರಿಗೆ ಸಲೀಸು. ಆದರೆ ತೇವಕ್ಕೆ ಹೊರದಾರಿ ಮುಚ್ಚಿಹೋಗುತ್ತದೆ. ಅದು ಗಿಲಾವಿನ ಹಿಂದೆಯೇ ಇನ್ನೂ ಮೇಲಕ್ಕೆ ಏರಿ, ಸಿಮೆಂಟು ಮುಗಿದಲ್ಲಿ ಹೊರಬೀಳುತ್ತದೆ. ಪೇಂಟ್ ಬೊಬ್ಬೆ ಎದ್ದಿರುವ ಪಟ್ಟಿ ಪ್ರತಿ ಸಲದ ದುರಸ್ತಿಗೂ ಒಂದಡಿ ಮೇಲೆ ಸರಿದಿದ್ದರೆ ಕಾರಣ ಇದೇ.

ಬಿಡಿಸುವ ಕ್ರಮಕ್ಕೆ ಅವಸರ ಸಲ್ಲದು. ತೇವದ ಗೆರೆಯಿಂದ ಅರ್ಧ ಮೀಟರ್ ಮೇಲಿನವರೆಗೆ ಸಿಮೆಂಟನ್ನು ಕೈಯುಳಿಯಿಂದ ಕೀಳಬೇಕು. ಬ್ರೇಕರ್ ಯಂತ್ರ ಹಚ್ಚಿದರೆ ಇಟ್ಟಿಗೆಯ ಮೈಯೂ ಜೊತೆಗೆ ಬರುತ್ತದೆ. ಗೋಡೆಯ ಬುಡದಲ್ಲಿ ಹೊರ ಅಂಗಳದ ನೆಲ ಒಳನೆಲಕ್ಕಿಂತ ಮೇಲೆ ಬಂದಿದೆಯೇ ನೋಡಬೇಕು. ನೂರು ವರ್ಷದಲ್ಲಿ ರಸ್ತೆ, ತೋಟ ಎರಡೂ ಎತ್ತರವಾಗಿರುತ್ತವೆ, ಮಣ್ಣು ತೆಗೆದು ಚರಂಡಿ ಮಾಡಿದರೆ ಅರ್ಧ ಕಾಯಿಲೆ ಅಲ್ಲೇ ವಾಸಿ. ಆಮೇಲೂ ತೇವ ಏರುತ್ತಿದ್ದರೆ ಮಾತ್ರ ನೆಲದಿಂದ 150 ಮಿಲಿಮೀಟರ್ ಮೇಲಿನ ಗಾರೆಸಾಲಿನಲ್ಲಿ 12 ಮಿಲಿಮೀಟರ್ ತೂತುಗಳನ್ನು 100ರಿಂದ 120 ಮಿಲಿಮೀಟರ್ ಅಂತರಕ್ಕೊಂದರಂತೆ ಕೊರೆದು ನೀರು ಏರದಂತೆ ತಡೆಯುವ ಸಿಲೇನ್ ಕ್ರೀಮ್ ತುಂಬುವುದು. ತೂತು ಇಟ್ಟಿಗೆಗೆ ಬಿದ್ದರೆ ಕ್ರೀಮು ಹರಡುವುದಿಲ್ಲ, ಗಾರೆಯಲ್ಲೇ ಇರಬೇಕು.

ಉಪ್ಪು ಎಳೆಯಲು ಕಾಗದದ ತಿರುಳು, ಬಿಳಿಜೇಡಿ, ತೊಳೆದ ಮರಳು ಸೇರಿಸಿ ಲವಣರಹಿತ ನೀರಿನಲ್ಲಿ ಕಲಸಿ 20ರಿಂದ 25 ಮಿಲಿಮೀಟರ್ ದಪ್ಪ ಮೆತ್ತುತ್ತಾರೆ. ಅದು ತಾನಾಗಿ ಒಣಗಿ ಗೋಡೆಯಿಂದ ಬಿಟ್ಟುಕೊಳ್ಳಲು ಎರಡರಿಂದ ನಾಲ್ಕು ವಾರ. ತೆಗೆದ ಮೆತ್ತೆಯನ್ನು ಪರೀಕ್ಷಿಸಿ, ಕ್ಲೋರೈಡ್ (ಉಪ್ಪಿನಂಶ) ಇಳಿಯುವವರೆಗೆ ಎರಡು ಮೂರು ಸಲ. ಗುತ್ತಿಗೆದಾರ ಬಿಸಿಗಾಳಿ ಹಚ್ಚಿ ಬೇಗ ಮುಗಿಸುತ್ತೇನೆಂದರೆ ಒಪ್ಪಬಾರದು. ಮೆತ್ತೆ ಹೊರಗಿನಿಂದ ಒಣಗಿ ಬಿರಿಯುತ್ತದೆ, ಉಪ್ಪು ಅರ್ಧದಾರಿಯಲ್ಲಿ ನಿಲ್ಲುತ್ತದೆ. ಗೋಡೆ ಒಣಗುವುದಕ್ಕೆ ಗಾರೆಯವರ ಹಳೆಯ ಲೆಕ್ಕ: 25 ಮಿಲಿಮೀಟರ್ ದಪ್ಪಕ್ಕೆ ಒಂದು ತಿಂಗಳು. ಒಂದೂವರೆ ಇಟ್ಟಿಗೆ ಗೋಡೆಗೆ ಒಂದು ವರ್ಷಕ್ಕೂ ಮೇಲೆ. ಎರಡೂವರೆ ವರ್ಷ ಹೋಟೆಲು ಮುಚ್ಚುವುದು ಹೊರಗಿನವರಿಗೆ ಅತಿ ಎನಿಸುತ್ತದೆ. ಗೋಡೆಯ ಪಂಚಾಂಗದಲ್ಲಿ ಅದು ಅತಿಯಲ್ಲ.

ಆಮೇಲೆ ಸುಣ್ಣ. ನೀರಿನಡಿ ಕನಿಷ್ಠ ಮೂರು ತಿಂಗಳು ಕೊಳೆತ ಸುಣ್ಣದ ಹಿಟ್ಟು 1 ಪಾಲು, ಚೂಪುಕಣದ ತೊಳೆದ ನದಿಮರಳು 3 ಪಾಲು. ಮರಳು ಬಂದ ಲಾರಿ ಇಳಿಸುವ ಮೊದಲೇ ಒಂದು ಹಿಡಿ ತೆಗೆದು ಗಾಜಿನ ಲೋಟದಲ್ಲಿ ಬ್ಯಾಟರಿಗೆ ಹಾಕುವ ಭಟ್ಟಿ ಇಳಿಸಿದ ನೀರು ಹಾಕಿ ಕುಲುಕಿ, ತಿಳಿಯಾದ ಮೇಲೆ ನಾಲ್ಕು ಹನಿ ಸಿಲ್ವರ್ ನೈಟ್ರೇಟ್ ಬಿಡಿ. ಹನಿ ಬಿದ್ದಲ್ಲಿ ಮಜ್ಜಿಗೆಯಂತೆ ಬಿಳಿ ಹರಡಿದರೆ ಮರಳಿನಲ್ಲಿ ಉಪ್ಪಿದೆ, ಲಾರಿ ವಾಪಸ್. ಮೊದಲ ಪದರ 10ರಿಂದ 12 ಮಿಲಿಮೀಟರ್, ಎರಡನೆಯದು 8ರಿಂದ 10, ಮೇಲ್ಮೈ 2ರಿಂದ 3. ಪದರಗಳ ನಡುವೆ ಕನಿಷ್ಠ 7ರಿಂದ 10 ದಿನ, ಅಷ್ಟೂ ದಿನ ಒದ್ದೆ ಗೋಣಿತಾಟಿನ ನೆರಳು. ಬಲಿತಿದೆಯೇ ಎಂದು ನೋಡಲು ಚೂರು ಮುರಿದು ಫೀನಾಲ್ಫ್ತಲೀನ್ ಎಂಬ ಕ್ಷಾರ ತೋರಿಸುವ ದ್ರವ ಹಚ್ಚಿದರೆ ಗುಲಾಬಿಯಾದ ಭಾಗ ಇನ್ನೂ ಹಸಿ. ಮೇಲೆ ತೆಳ್ಳಗೆ ನಾಲ್ಕೈದು ಸಲ ಸುಣ್ಣ, ಇಲ್ಲವೇ ಸಿಲಿಕೇಟ್ ಬಣ್ಣ. ಪ್ಲಾಸ್ಟಿಕ್ ಪೇಂಟ್ ಮಾತ್ರ ಮತ್ತೆ ಬೇಡ.

ಈ ವಿದ್ಯೆ ಆ ಊರಿಗೆ ಹೋದದ್ದು ನಮ್ಮ ಕಡೆಯಿಂದಲೇ. ರಾಫಲ್ಸ್‌ನಿಂದ ನಡೆದು ಹೋಗುವ ದೂರದಲ್ಲಿರುವ ಸೇಂಟ್ ಆಂಡ್ರೂಸ್ ಕ್ಯಾಥೆಡ್ರಲನ್ನು 1856ರಿಂದ 1861ರವರೆಗೆ ಕಟ್ಟಿದ್ದು ಭಾರತದಿಂದ ಸಾಗಿಸಿದ್ದ ಕೈದಿಗಳು. ಅದರ ಒಳಮೈಗೆ ಮದ್ರಾಸ್ ಚುನಾಮ್: ಚಿಪ್ಪುಸುಣ್ಣ, ಮೊಟ್ಟೆಯ ಬಿಳಿ, ಬೆಲ್ಲ, ತೆಂಗಿನ ಸಿಪ್ಪೆ ನೆನೆಸಿದ ನೀರು, ಒಣಗಿದ ಮೇಲೆ ನುಣ್ಣನೆ ಕಲ್ಲಿನಿಂದ ಉಜ್ಜಿ ಹೊಳಪು. ಇದನ್ನು ಓದಿದವರು ಎಲ್ಲ ಗಾರೆಗೂ ಬೆಲ್ಲ ಸುರಿಯುತ್ತಾರೆ. ಬೆಲ್ಲ ಸುಣ್ಣವನ್ನು ನೀರಿನಲ್ಲಿ ಹೆಚ್ಚು ಕರಗಿಸುತ್ತದೆ, ಹೌದು. ಹೆಚ್ಚಾದರೆ ಗಾರೆ ಗಟ್ಟಿಯಾಗುವುದನ್ನೇ ತಡೆಯುತ್ತದೆ, ಇರುವೆ ಬೂಷ್ಟು ಎರಡನ್ನೂ ಕರೆಯುತ್ತದೆ.

ತಣ್ಣನೆ ಗಾಳಿಯ ಬೆಲೆ

ಸುಣ್ಣದ ಗೋಡೆ ಉಸಿರಾಡಲಿ ಎಂದು ಇಷ್ಟೆಲ್ಲ ಮಾಡಿ, ಒಳಗೆ ವಿನೈಲ್ ವಾಲ್‌ಪೇಪರ್ ಅಂಟಿಸಿ 20 ಡಿಗ್ರಿಗೆ ಏಸಿ ಇಟ್ಟರೆ ಆರು ತಿಂಗಳಲ್ಲಿ ಕಾಗದದ ಹಿಂದೆ ಕಪ್ಪು ಬೂಷ್ಟು. ಚಳಿದೇಶದ ಕಟ್ಟಡದಲ್ಲಿ ತೇವ ಒಳಗಿನಿಂದ ಹೊರಗೆ ಹೋಗಲು ನೋಡುತ್ತದೆ; ಇಲ್ಲಿ ಹೊರಗಿನಿಂದ ಒಳಗೆ. 31 ಡಿಗ್ರಿ, 75 ಪ್ರತಿಶತ ಆರ್ದ್ರತೆಯ ಗಾಳಿ 26 ಡಿಗ್ರಿಗಿಂತ ತಣ್ಣಗಿರುವ ಏನನ್ನು ಮುಟ್ಟಿದರೂ ಬೆವರುತ್ತದೆ. ವಾಲ್‌ಪೇಪರಿನ ಹಿಂಬದಿ 24 ಡಿಗ್ರಿ. ನೀರು ಅಲ್ಲಿ ನಿಲ್ಲದೆ ಎಲ್ಲಿಗೆ ಹೋಗಬೇಕು?

ಬಚ್ಚಲಿನ ಎಕ್ಸಾಸ್ಟ್ ಫ್ಯಾನು ಸೆಕೆಂಡಿಗೆ 25 ಲೀಟರ್ ಗಾಳಿ ಎಳೆದು ಹೊರಗೆ ಹಾಕುತ್ತದೆ ಎಂದಿಟ್ಟುಕೊಳ್ಳಿ. ಅಷ್ಟು ಗಾಳಿಯನ್ನು ಒಣಗಿಸಿ ಕೋಣೆಗೆ ತುಂಬುವ ಏರ್ಪಾಡಿಲ್ಲದಿದ್ದರೆ, ಅದು ಬಾಗಿಲ ಸಂದು, ಅಟ್ಟದ ಬಿರುಕು, ಸ್ವಿಚ್ ಡಬ್ಬಿಗಳಿಂದ ತಾನೇ ನುಗ್ಗುತ್ತದೆ. ಕೋಣೆಯನ್ನು 24 ಡಿಗ್ರಿ, 55 ಪ್ರತಿಶತದಲ್ಲಿ ಇಡಬೇಕಾದರೆ ಈ ನುಗ್ಗಿದ ಗಾಳಿಯಿಂದ ದಿನಕ್ಕೆ ಸುಮಾರು 27 ಲೀಟರ್ ನೀರು ತೆಗೆಯಬೇಕು. ಎರಡು ಬಕೆಟ್ ನೀರು, ಒಂದು ಸೂಟಿಗೆ, ಪ್ರತಿದಿನ. ಕೋಣೆಯ ಸಣ್ಣ ಏಸಿ ಘಟಕಕ್ಕೆ ತಂಪು ಮಾಡುವುದು ಗೊತ್ತು, ಇಷ್ಟು ನೀರು ಹಿಂಡುವುದು ಗೊತ್ತಿಲ್ಲ. ಆದ್ದರಿಂದ ಬೇರೆಯದೇ ಯಂತ್ರದಲ್ಲಿ ಒಣಗಿಸಿದ ಗಾಳಿಯನ್ನು ಎಕ್ಸಾಸ್ಟ್‌ಗಿಂತ ತುಸು ಹೆಚ್ಚು, ಸೆಕೆಂಡಿಗೆ 30 ಲೀಟರಿನಷ್ಟು, ಪ್ರತಿ ಸೂಟಿಗೂ ಕೊಟ್ಟು ಕೋಣೆಯ ಒತ್ತಡ ಹೊರಗಿಗಿಂತ ಒಂದಿಷ್ಟು ಮೇಲಿರುವಂತೆ ನೋಡಿಕೊಳ್ಳಬೇಕು. ಖಾಲಿ ಸೂಟಿನಲ್ಲೂ ಇದು ನಿಲ್ಲಬಾರದು. ಕರೆಂಟ್ ಉಳಿಸಲು ಅದನ್ನು ಆರಿಸಿದ ಮಳೆಗಾಲದಲ್ಲೇ ಬೀರುವಿನ ಹಿಂಬದಿ ವಾಸನೆ ಹಿಡಿಯುತ್ತದೆ.

ಜಗಲಿಯ ಬಾಗಿಲು ಈ ಹೋಟೆಲಿನ ಪ್ರಾಣ. ಅತಿಥಿ ಅದನ್ನು ತೆರೆದಿಟ್ಟು ಕೂರುವವನೇ. ಬಾಗಿಲ ಚೌಕಟ್ಟಿನಲ್ಲಿ ಅಯಸ್ಕಾಂತದ ಸ್ವಿಚ್ ಇಟ್ಟು, ತೆರೆದ ಒಂದೆರಡು ನಿಮಿಷಕ್ಕೆ ಏಸಿ ನಿಂತು ಫ್ಯಾನು ಮಾತ್ರ ತಿರುಗುವಂತೆ ಮಾಡಿದರೆ ಜಗಳವಿಲ್ಲ. ತಣ್ಣೀರಿನ ಪೈಪು 6-7 ಡಿಗ್ರಿಯಲ್ಲಿ ಹರಿಯುತ್ತದೆ. ಅದರ ಹೊದಿಕೆ ಸೋರುವುದು ಯಾವಾಗಲೂ ತೂಗುಪಟ್ಟಿ ಬಿಗಿದ ಜಾಗದಲ್ಲಿ, ಭಾರಕ್ಕೆ ಫೋಮು ಚಪ್ಪಟೆಯಾಗಿರುತ್ತದೆ. ಪಟ್ಟಿಯ ಕೆಳಗೆ ಗಟ್ಟಿ ಫೋಮಿನ ತುಂಡು ಸೇರಿಸದೆ ಬಿಟ್ಟ ಗುತ್ತಿಗೆಯನ್ನು ಸುಳ್ಳು ಚಾವಣಿಯ ಕಂದು ಕಲೆಗಳೇ ಸಾಲಾಗಿ ತೋರಿಸಿಕೊಡುತ್ತವೆ.

ಮರ, ಬೆಂಕಿ

ತೊಲೆ ಹಾಳಾಗುವುದು ನಡುವಿನಲ್ಲಲ್ಲ, ಗೋಡೆಯೊಳಗೆ ಕೂತ ತುದಿಯಲ್ಲಿ. ಒದ್ದೆ ಇಟ್ಟಿಗೆಯಿಂದ ತೇವ, ತೇವಕ್ಕೆ ಗೆದ್ದಲು. ಸುತ್ತಿಗೆಯಲ್ಲಿ ತಟ್ಟಿ ಪೊಳ್ಳು ಸದ್ದು ಕೇಳಿ, ದಬ್ಬಳ ಚುಚ್ಚಿ, ಅನುಮಾನ ಬಂದಲ್ಲಿ 3 ಮಿಲಿಮೀಟರ್ ಸೂಜಿ ಕೊರೆದು ಒಳಗಿನ ಬಿಗುವು ದಾಖಲಿಸುವ ಯಂತ್ರ ಹಚ್ಚಬೇಕು. ತೇವ 20 ಪ್ರತಿಶತ ದಾಟಿದ್ದರೆ ಮರ ಇಂದು ಗಟ್ಟಿಯಿದ್ದರೂ ನಾಳೆಗಿಲ್ಲ. ತುದಿ ಕತ್ತರಿಸಿ ಅದೇ ಜಾತಿಯ ಹಳೆ ಮರವನ್ನು ತೊಲೆಯ ಆಳದ ಮೂರು ಪಟ್ಟು ಉದ್ದದ ಓರೆಬೆಸುಗೆಯಲ್ಲಿ ಕೂಡಿಸಿ, ಗೋಡೆಯ ಗೂಡಿನಲ್ಲಿ ತುದಿಯ ಸುತ್ತ 20ರಿಂದ 25 ಮಿಲಿಮೀಟರ್ ಗಾಳಿಸಂದು ಬಿಡಬೇಕು. ಬಂದ ಗಾರೆಯವನು ಅಚ್ಚುಕಟ್ಟು ಕಾಣಲೆಂದು ಆ ಸಂದನ್ನು ಮುಚ್ಚಿಬಿಡುತ್ತಾನೆ. ಮರದ ಕೆಲಸದವನೂ ಗಾರೆಯವನೂ ಒಂದೇ ದಿನ ಅಲ್ಲಿರುವಂತೆ ನೋಡಿಕೊಂಡರೆ ಆಯಿತು.

ಬೆಂಕಿಯ ಮಾತು ಚಿಕ್ಕದು. ತೆರೆದ ಮರದ ಮೆಟ್ಟಿಲು, ಮರದ ಅಟ್ಟ, ಉದ್ದ ಜಗಲಿ, ಎಲ್ಲವೂ ಇಂದಿನ ನಿಯಮಕ್ಕೆ ವಿರುದ್ಧ. ಜಂತೆಗಳ ನಡುವೆ ಖನಿಜ ಉಣ್ಣೆ, ಕೆಳಗೆ ಎರಡು ಪದರ ಬೆಂಕಿತಡೆ ಜಿಪ್ಸಮ್, ಸ್ಪ್ರಿಂಕ್ಲರ್. ಹೊರದಾರಿಯ ಮೆಟ್ಟಿಲುಗಳನ್ನು ಹಿಂಬದಿಯ ಹೊಸ ಭಾಗದಲ್ಲಿ ಕಟ್ಟಿದರೆ ಮುಂದಿನ ಮರದ ಮೆಟ್ಟಿಲನ್ನು ಬಿಟ್ಟುಬಿಡಬಹುದು. ಅದೇ ಖನಿಜ ಉಣ್ಣೆ ಮೇಲಿನ ಕೋಣೆಯ ಹೆಜ್ಜೆ ಸದ್ದನ್ನೂ ತಗ್ಗಿಸುತ್ತದೆ.

ಎರಡನೆಯ ಸುತ್ತು

2017ರ ಆರಂಭದಲ್ಲಿ ಹಂತಹಂತವಾಗಿ ಮತ್ತೆ ಕೆಲಸ ಶುರುವಾಗಿ, ಡಿಸೆಂಬರ್‌ನಲ್ಲಿ ಹೋಟೆಲು ಪೂರ್ತಿ ಮುಚ್ಚಿ, 2019ರ ಆಗಸ್ಟ್ 1ರಂದು ತೆರೆಯಿತು. ವಾಸ್ತುಶಿಲ್ಪ ಏಡಾಸ್ ಸಂಸ್ಥೆಯದ್ದು, ಒಳಾಲಂಕಾರ ಅಲೆಕ್ಸಾಂಡ್ರಾ ಶಾಂಪಲಿಮೋ ಅವರದ್ದು. ಸೂಟ್‌ಗಳು 115 ಆದವು. 1989ರಲ್ಲಿ ಬಾಲ್‌ರೂಮ್ ಕೆಡವಿದ ಹೋಟೆಲು ಈ ಸಲ ಜುಬಿಲಿ ಹಾಲ್ ನಾಟಕಮಂದಿರವನ್ನು ತೆಗೆದು ಅಲ್ಲಿ ಹೊಸ ಬಾಲ್‌ರೂಮ್ ಮಾಡಿಕೊಂಡಿತು. ಮದುವೆ, ಔತಣಗಳಿಲ್ಲದೆ ದೊಡ್ಡ ಹೋಟೆಲಿನ ಲೆಕ್ಕಪುಸ್ತಕ ಕೂಡುವುದಿಲ್ಲ ಎಂಬುದು 1920ರ ಮಾಲೀಕರಿಗೆ ಗೊತ್ತಿತ್ತು.

ಎರಡು ಸುತ್ತುಗಳ ನಡುವೆ 26 ವರ್ಷ. ಇಷ್ಟರಲ್ಲಿ ಸುಣ್ಣದ ಗೋಡೆ ಮುದಿಯಾಗುವುದಿಲ್ಲ, ತೇಗದ ಹಲಗೆಯೂ ಆಗುವುದಿಲ್ಲ. ಏಸಿ, ವಯರು, ಕೊಳಾಯಿ, ಟೈಲ್ಸ್ ಕೆಳಗಿನ ನೀರುತಡೆ ಪದರಗಳ ಆಯುಷ್ಯ 20-25 ವರ್ಷ. ಮೊದಲ ಸುತ್ತಿನಲ್ಲಿ ಅವನ್ನು ಗೋಡೆಯೊಳಗೆ ಹೂತಿದ್ದರೆ ಎರಡನೇ ಸುತ್ತಿನಲ್ಲಿ ಹೊಸ ಪೈಪಿಗಾಗಿ ಹಳೆ ಗೋಡೆಯನ್ನು ಒಡೆಯಬೇಕು. ಅದಕ್ಕೆ ಈಗ ಕೆಲಸ ಹಿಡಿಯುವವರು ಪ್ರತಿ ಸೂಟಿನ ಬಟ್ಟೆಕೋಣೆಯಲ್ಲಿ, ಬೀರುವಿನ ಹಿಂದೆ, ನೆಲದಿಂದ ಚಾವಣಿಯವರೆಗೆ ಪೈಪು, ವಯರು ಹಾಯಲು ಒಂದು ನಿಲುವು ಗೂಡು ಬಿಡುತ್ತಾರೆ. 600 ಮಿಲಿಮೀಟರ್ ಅಗಲದ ಬಾಗಿಲು, ಒಬ್ಬ ಆಳು ಒಳಗೆ ನಿಂತು ತಿರುಗುವಷ್ಟು ಜಾಗ. ಯಾವ ಪೈಪು ಎಲ್ಲಿಗೆ, ಯಾವ ವಾಲ್ವ್ ಯಾವುದಕ್ಕೆ ಎಂಬ ನಕ್ಷೆ ಆ ಬಾಗಿಲ ಒಳಮೈಯಲ್ಲೇ ಇರಬೇಕು. ಕಾಗದದಲ್ಲಿ ಅಂಟಿಸಿದರೆ ಎರಡು ಮಳೆಗಾಲಕ್ಕೆ ಬೂಷ್ಟು ತಿನ್ನುತ್ತದೆ, ತಗಡಿನ ಮೇಲೆ ಕೆತ್ತಿಸಿ ಸ್ಟೇನ್‌ಲೆಸ್ ಸ್ಕ್ರೂ ಹೊಡೆಯಬೇಕು.